ಹಳೇದು ಇಟ್ಟು ಕೇಳಿ

ಸ್ಟೋರಕ್ಕನಿಗೆ ಮರೆವು ಬಂದಿದೆ ಎಂದು ಡಿಪೋದಲ್ಲಿ ಮೊದಲು ಹೇಳಿದವರು ಯಾರೋ ಗೊತ್ತಿಲ್ಲ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ, ಕೇಳಿದ್ದೇ ತಡ ನಂಬಿಬಿಟ್ಟರು. ಅಯ್ಯೋ ಪಾಪ ಎಂದರು. ಪಾಪ ಎನ್ನುವುದು ಎಷ್ಟು ಸಲೀಸು ನೋಡಿ, ಅದಕ್ಕಾಗಿ ಕೂತಲ್ಲಿಂದ ಏಳಬೇಕಾಗಿಯೂ ಇಲ್ಲ.

ಇಪ್ಪತ್ತಾರು ವರ್ಷದಿಂದ ಅವಳು ಆ ಬಸ್ ಡಿಪೋದ ಬಿಡಿಭಾಗಗಳ ಸ್ಟೋರಿನ ಕಿಟಕಿಯಲ್ಲಿ ಕೂತವಳು. ಬೆನ್ನ ಹಿಂದೆ ಹದಿನಾಲ್ಕು ಕಬ್ಬಿಣದ ರ್ಯಾಕುಗಳು, ಒಂದೊಂದರಲ್ಲೂ ಸಾಲುಸಾಲು ಡಬ್ಬಗಳು. ಬೇರಿಂಗಿನಿಂದ ಹಿಡಿದು ಉಗುರಿನಷ್ಟು ವಾಷರಿನ ತನಕ ಮೂರು ಸಾವಿರ ಚಿಲ್ಲರೆ ಬಗೆಯ ಸಾಮಾನು. ಮೆಕ್ಯಾನಿಕ್ಕಿನ ನೆರಳು ಕಿಟಕಿಗೆ ಬಿದ್ದರೆ ಸಾಕು, ಇವಳು ಎದ್ದಾಯಿತು. "ಅಕ್ಕನ್ನ ಕೇಳಿದ್ರೆ ನನಗೆ ಹೆಣ್ಣು ಯಾವ ಡಬ್ಬದಲ್ಲಿದೆ ಅಂತಾನೂ ಹೇಳ್ತಾಳೆ" ಎಂದು ಮದುವೆಯಾಗದ ಟಯರ್ ಫಿಟ್ಟರು ನಗುತ್ತಿದ್ದ. "ನಿನಗೆ ಸರಿಹೋಗೋ ಸೈಜು ಸ್ಟಾಕಿಲ್ಲಪ್ಪ" ಎಂದು ಅವಳು ತಿರುಗಿ ಕೊಡುತ್ತಿದ್ದಳು.

ಈಗ ಅದೇ ಹುಡುಗರು ಬಂದು "ಅಕ್ಕಾ, ಹಿಂದಿನ ಚಕ್ರದ ಹಬ್ಬಿನ ಆಯಿಲ್ ಸೀಲು" ಎಂದರೆ ಅವಳು ಅವರ ಮುಖ ನೋಡುತ್ತಾಳೆ. ಭುಜ ತನ್ನಷ್ಟಕ್ಕೆ ಮೇಲೇರಿ ಇಳಿಯುತ್ತದೆ. ಬೆರಳುಗಳು ಮೇಜಿನ ಮೇಲೆ ಯಾರೂ ಹೇಳದ ತಾಳ ಹಾಕುತ್ತವೆ. ಮಾತು ಒಳಗೆಲ್ಲೋ ಇದೆ, ಇದೆ ಎಂದು ಅವಳಿಗೆ ಗೊತ್ತು, ಹೊರಗೆ ಬರುವುದಿಲ್ಲ. ಅರ್ಧ ನಿಮಿಷಕ್ಕೆ ಹುಡುಗರ ತಾಳ್ಮೆ ಮುಗಿಯುತ್ತದೆ. "ಬಿಡಕ್ಕಾ, ಕಂಪ್ಯೂಟರಲ್ಲಿ ನೋಡ್ಕೋತೀವಿ" ಎನ್ನುತ್ತಾರೆ. ಆ 'ಬಿಡಕ್ಕಾ' ಅವಳಿಗೆ ಕೆನ್ನೆಗೆ ಹೊಡೆದಂತಾಗುತ್ತದೆ.

ಕಾಯಿಲೆಗೆ ಹೆಸರು ಸಿಕ್ಕಿ ಮೂರು ವರ್ಷವಾಗಿತ್ತು. ಹಂಟಿಂಗ್ಟನ್ ಕಾಯಿಲೆ, ಮೈಯನ್ನು ತನ್ನಷ್ಟಕ್ಕೆ ಕುಣಿಸುವ ನರದ ರೋಗ. ಅದು ಅವಳ ಅಪ್ಪನಿಗೂ ಇತ್ತು, ಆದರೆ ಆಗ ಹೆಸರಿರಲಿಲ್ಲ. ಅಪ್ಪ ಇದೇ ಕಂಪನಿಯಲ್ಲಿ ಕಂಡಕ್ಟರಾಗಿದ್ದ. ನಡೆದರೆ ತೂರಾಡುತ್ತಾನೆ, ಕೇಳಿದ್ದಕ್ಕೆ ಉತ್ತರ ಕೊಡುವುದಿಲ್ಲ, ಸಿಟ್ಟು ಮೂಗಿನ ತುದಿಯಲ್ಲಿ. ಕುಡುಕ ಎಂದು ಬರೆದು ಮನೆಗೆ ಕಳಿಸಿದರು. ಜನ್ಮದಲ್ಲಿ ಒಂದು ಹನಿ ಮುಟ್ಟದವನು ಕೊಟ್ಟ ಕಾಗದಕ್ಕೆ ತಲೆ ತಗ್ಗಿಸಿ ಸಹಿ ಹಾಕಿ ಬಂದ. ಹದಿನಾರರ ಮಗಳು, ಅಂದರೆ ಇವಳು, ಅಪ್ಪ ಮಲಗಿದ್ದಾಗ ಬಗ್ಗಿ ಅವನ ಬಾಯಿ ಮೂಸಿ ನೋಡಿದ್ದಳು. ಏನೂ ವಾಸನೆ ಇರಲಿಲ್ಲ. ಆದರೂ ಅಪ್ಪನನ್ನು ನಂಬಿರಲಿಲ್ಲ. ಅಪ್ಪನ ವಿಷಯದಲ್ಲಿ ಅವಳಿಗೆ ತನ್ನ ಮೇಲೇ ಇರುವ ಸಿಟ್ಟು ಇದೊಂದೇ, ಅದು ಇವತ್ತಿಗೂ ಆರಿಲ್ಲ.

ನರದ ಡಾಕ್ಟರಮ್ಮ ಮುಚ್ಚುಮರೆ ಇಲ್ಲದೆ ಮಾತಾಡುವ ಹೆಂಗಸು. ಒಂದು ದಿನ ಹನ್ನೆರಡು ಪದಗಳನ್ನು ಓದಿ ಹೇಳಿ, ಸ್ವಲ್ಪ ಹೊತ್ತು ಬಿಟ್ಟು, "ಈಗ ನೆನಪಿರೋದನ್ನ ಹೇಳಿ" ಎಂದರು. ನಾಲ್ಕು ಬಂದವು. ಸ್ಟೋರಕ್ಕನಿಗೆ ಅಳು ಬಂತು. ಡಾಕ್ಟರಮ್ಮ ಪೆನ್ನು ಕೆಳಗಿಡಲಿಲ್ಲ. "ಈಗ ನಾನೇ ಒಂದೊಂದಾಗಿ ಹೇಳ್ತೀನಿ. ಆ ಪಟ್ಟೀಲಿ ಇತ್ತಾ, ಇರಲಿಲ್ವಾ, ಅಷ್ಟೇ ಹೇಳಿ" ಎಂದರು. ಹನ್ನೆರಡರಲ್ಲಿ ಹನ್ನೊಂದನ್ನು ಇತ್ತು ಎಂದಳು. ನಡುವೆ ಸೇರಿಸಿದ್ದ ಬೇರೆ ಪದಗಳನ್ನೆಲ್ಲ ಇರಲಿಲ್ಲ ಎಂದಳು.

"ನೋಡಿದ್ರಾ? ಹೋಗಿರಲಿಲ್ಲ. ಒಳಗೇ ಇತ್ತು. ಹುಡುಕಿ ತೆಗೆಯೋದು ನಿಮಗೆ ಕಷ್ಟ, ಎದುರಿಗೆ ಇಟ್ರೆ ಗುರುತು ಹಿಡೀತೀರಿ."

"ಸರಕು ಇದೆ, ಕಿಟಕಿ ಬಿಗಿಯಾಗಿದೆ ಅನ್ನಿ" ಎಂದಳು ಸ್ಟೋರಕ್ಕ.

"ಹಾಗೇ ಅನ್ಕೊಳ್ಳಿ. ಆದ್ರೆ ಸುಳ್ಳು ಹೇಳಲ್ಲ. ಕೈಗೆ ಹೊಸ ಕೆಲಸ ಕಲಿಸೋದು ಕಷ್ಟ ಆಗತ್ತೆ. ಎರಡು ಕೆಲಸ ಒಟ್ಟಿಗೆ ಆಗಲ್ಲ. ಸಿಟ್ಟು ಬರತ್ತೆ. ಮುಂದೆ ಹೆಚ್ಚೂ ಆಗತ್ತೆ."

ಸಿಟ್ಟು ಮೊದಲಿನಿಂದಲೂ ಇದೆ, ಅದನ್ನು ಕಾಯಿಲೆಯ ಲೆಕ್ಕಕ್ಕೆ ಹಾಕಬೇಡಿ ಎಂದು ಇವಳು ಹೇಳಿದಳು. ಡಾಕ್ಟರಮ್ಮ ನಕ್ಕರು.

ಡಿಪೋದಲ್ಲಿ ಹಿಂದಿನಿಂದ ಒಂದು ಪದ್ಧತಿ ಇತ್ತು. ಹೊಸ ಸಾಮಾನು ಬೇಕಾದರೆ ಸವೆದ ಹಳೆಯದನ್ನು ಕಿಟಕಿಯ ಕಟ್ಟೆ ಮೇಲೆ ಇಡಬೇಕು. ಹಳೇದು ಇಡು, ಹೊಸದು ತಗೋ. ಕಳ್ಳತನ ತಡೆಯಲು ಯಾವ ಕಾಲದಲ್ಲೋ ಮಾಡಿದ ನಿಯಮ. ಎಂಟು ತಿಂಗಳ ಹಿಂದೆ ಕಂಪ್ಯೂಟರ್ ಬಂತು, ಹೊಸ ವರ್ಕ್ಸ್ ಮ್ಯಾನೇಜರ್ ಬಂದರು, ಸುತ್ತೋಲೆ ಬಂತು: ಇನ್ನು ಮುಂದೆ ಚೀಟಿ ಸಾಕು, ಹಳೆಯದನ್ನು ನೇರ ಗುಜರಿ ಡ್ರಮ್ಮಿಗೆ ಹಾಕಿ. ಹುಡುಗರಿಗೆ ಖುಷಿಯೋ ಖುಷಿ. ಸ್ಟೋರಕ್ಕನಿಗೆ ಮರೆವು ಬಂತು ಎಂಬ ಮಾತು ಹುಟ್ಟಿದ್ದೂ ಆ ಎಂಟು ತಿಂಗಳಲ್ಲೇ. ಎರಡನ್ನೂ ಯಾರೂ ಜೋಡಿಸಿ ನೋಡಲಿಲ್ಲ, ಅವಳೂ ನೋಡಿರಲಿಲ್ಲ.

ಜೋಡಿಸಿದ್ದು ಗ್ರೀಸ್ ಮೇಸ್ತ್ರಿಯ ಸೋಮಾರಿತನ. ಡಿಪೋದ ಅತಿ ಹಳೆಯ ಮೆಕ್ಯಾನಿಕ್ಕಾದ ಅವರಿಗೆ ಚೀಟಿ ಬರೆಯುವುದೆಂದರೆ ಜ್ವರ. ಒಂದು ಬೆಳಿಗ್ಗೆ ಬಂದವರೇ ಹಳೇ ಅಭ್ಯಾಸದಲ್ಲಿ ಎಣ್ಣೆ ಸುರಿಯುವ ಸವೆದ ಸೀಲನ್ನು, ಎಣ್ಣೆ ಸೋರದಂತೆ ತಡೆಯುವ ರಬ್ಬರ್ ಬಳೆಯನ್ನು, ಕಟ್ಟೆ ಮೇಲೆ ಟಪ್ಪೆಂದು ಇಟ್ಟು, ಟೀ ಕುಡಿಯಲು ಹೋದರು. ಸ್ಟೋರಕ್ಕ ಅದನ್ನು ನೋಡಿದಳು. ನೋಡಿದ್ದೇ ಎದ್ದಳು. ಕಾಲು ಎಡವಿತು, ರ್ಯಾಕಿಗೆ ಕೈ ಬಡಿಯಿತು, ಆದರೆ ಹೋಗಬೇಕಾದ ಕಡೆಗೇ ಹೋದಳು. ಒಂಬತ್ತನೇ ರ್ಯಾಕು, ಕೆಳಗಿನ ಸಾಲು. ಮೇಸ್ತ್ರಿ ಬರುವಷ್ಟರಲ್ಲಿ ಹಳೆಯದರ ಪಕ್ಕ ಹೊಸದು ಕೂತಿತ್ತು.

"ಮೇಸ್ತ್ರಿ, ಇನ್ನೊಂದು ಏನಾದ್ರೂ ತಂದಿಡಿ" ಎಂದಳು.

ಅವರು ತಂದಿಟ್ಟರು. ಆಮೇಲೆ ಇನ್ನೂ ಒಂದು. ಮಧ್ಯಾಹ್ನದ ಹೊತ್ತಿಗೆ ಸ್ಟೋರಕ್ಕ ರಟ್ಟಿನ ಮೇಲೆ ಸೊಟ್ಟ ಅಕ್ಷರಗಳಲ್ಲಿ ಬರೆದು ಕಿಟಕಿಗೆ ತೂಗುಹಾಕಿದಳು: ಹಳೇದು ಇಟ್ಟು ಕೇಳಿ. ಇಲ್ಲದಿದ್ದರೆ ಕೇಳಬೇಡಿ.

"ಅಂತೂ ಇಂತೂ ಹಳೇ ಗಂಡನ ಪಾದವೇ ಗತಿ" ಎಂದರು ಗ್ರೀಸ್ ಮೇಸ್ತ್ರಿ. ಹುಡುಗರು ಗೊಣಗಿದರು, ಆದರೆ ತಂದರು. ವಾರದಲ್ಲಿ ಕಿಟಕಿಯ ಮುಂದಿನ ಸಾಲು ಗಿಡ್ಡವಾಯಿತು.

ವರ್ಕ್ಸ್ ಮ್ಯಾನೇಜರಿಗೆ ಇಷ್ಟು ಸಾಕಾಯಿತು. ಸುತ್ತೋಲೆ ತಮ್ಮದು, ರಟ್ಟು ಅವಳದು. ರಟ್ಟನ್ನು ಅವರೇ ಕಿತ್ತು ತೆಗೆದರು, ಮರುದಿನ ಅವಳು ಇನ್ನೊಂದು ಬರೆದಳು. ಮೂರನೇ ರಟ್ಟಿಗೆ ಪತ್ರ ಬಂತು: ಕೆಲಸಕ್ಕೆ ಬೇಕಾದ ನೆನಪಿನ ಶಕ್ತಿ ಇದೆಯೇ ಎಂದು ಪರೀಕ್ಷಿಸಲು ಸಮಿತಿ ಕೂರುತ್ತದೆ. ಇಲ್ಲವೆಂದಾದರೆ ಸ್ವಯಂ ನಿವೃತ್ತಿ.

ಸಮಿತಿ ಕೂರುವ ದಿನ ಬೆಳಿಗ್ಗೆ ಹೊರಡುವಾಗ ಮಗಳು ಅವಳ ಚಪ್ಪಲಿಯ ಬಕಲ್ ಹಾಕುತ್ತ ಕೆಳಗೆ ಕೂತಿದ್ದಳು. ಇಪ್ಪತ್ನಾಲ್ಕರ ಹುಡುಗಿ, ಹಲ್ಲಿನ ಆಸ್ಪತ್ರೆಯಲ್ಲಿ ಚೀಟಿ ಬರೆಯುವ ಕೆಲಸ. ಅರ್ಧ ದಿನ ರಜೆ ಹಾಕಿದ್ದಳು.

"ಸಹಿ ಹಾಕಿ ಬಂದ್ಬಿಡಮ್ಮ. ನಾನು ದುಡೀತೀನಲ್ಲ. ಅವರ ಮುಂದೆ ನೀನು ಕೂತು, ಉತ್ತರ ಬರದೆ..." ಎಂದು ನಿಲ್ಲಿಸಿದಳು. "ನನಗೆ ನೋಡಕ್ಕಾಗಲ್ಲ. ಜೊತೇಲಿ ಬರ್ತೀನಿ, ಒಳಗೆ ಮಾತ್ರ ಬರಲ್ಲ."

ಸ್ಟೋರಕ್ಕ ಮಗಳ ಬೈತಲೆಯನ್ನು ಮೇಲಿನಿಂದ ನೋಡಿದಳು. ಅಪ್ಪನಿಂದ ತನಗೆ ಬಂದದ್ದು ತನ್ನಿಂದ ಇವಳಿಗೆ ಬಂದಿರಬಹುದು, ಬಂದಿಲ್ಲದೆಯೂ ಇರಬಹುದು. ಅರ್ಧಕ್ಕರ್ಧ ಎಂದಿದ್ದರು ಡಾಕ್ಟರಮ್ಮ. ರಕ್ತಪರೀಕ್ಷೆ ಮಾಡಿಸಿಕೊಳ್ಳಲು ಹುಡುಗಿ ಒಪ್ಪಿರಲಿಲ್ಲ, ಅದರ ಮಾತನ್ನೂ ಎತ್ತಿರಲಿಲ್ಲ. ಬಾಯಿ ಮುಚ್ಚಿಕೊಂಡು ಅಮ್ಮನನ್ನೇ ನೋಡುತ್ತಿದ್ದಳು, ಮೂರು ವರ್ಷದಿಂದ, ದಿನಾ. ಇವತ್ತು ಸಹಿ ಹಾಕಿ ಬಂದರೆ ಮಗಳು ನೋಡುವುದು ಅದನ್ನೇ. ಸ್ಟೋರಕ್ಕನಿಗೆ ಕೆಲಸ ಬೇಕಿತ್ತು, ನಿಜ. ಅದಕ್ಕಿಂತ ಹೆಚ್ಚಾಗಿ ಈ ಹುಡುಗಿಗೆ ಇನ್ನೊಂದು ಥರದ ಅಮ್ಮನನ್ನು ತೋರಿಸಬೇಕಿತ್ತು.

"ಸಹಿ ಹಾಕೋದಾದ್ರೆ ಮನೇಲೇ ಹಾಕಿ ಅಂಚೇಲಿ ಕಳಿಸ್ತಿದ್ದೆ" ಎಂದಳು. "ಏಳು, ಬಸ್ಸು ಹೋಗತ್ತೆ."

ಸಮಿತಿಯಲ್ಲಿ ಮೂವರು. ವರ್ಕ್ಸ್ ಮ್ಯಾನೇಜರ್, ಬಿಳೀ ಅಂಗಿ, ತೋಳಿಗೆ ಗುಂಡಿ. ಸಿಬ್ಬಂದಿ ಅಧಿಕಾರಿ ಒಬ್ಬ ಹೆಂಗಸು, ಕನ್ನಡಕವನ್ನು ತಲೆ ಮೇಲೆ ಇಟ್ಟುಕೊಂಡು ಅದನ್ನೇ ಹುಡುಕುವವರು. ಮತ್ತೆ ಕಂಪನಿ ಡಾಕ್ಟರು, ನಿವೃತ್ತಿ ಹತ್ತಿರವಾದ ಮುದುಕರು.

ಮ್ಯಾನೇಜರ್ ಫೋನಿನಲ್ಲಿ ಗಡಿಯಾರ ಹಚ್ಚಿ ಹಾಳೆ ಓದಿದರು. ಇಪ್ಪತ್ತು ಹೆಸರು, ಒಂದೊಂದಕ್ಕೂ ಹತ್ತು ಸೆಕೆಂಡು. ರ್ಯಾಕ್ ನಂಬರು, ಡಬ್ಬದ ನಂಬರು ಹೇಳಬೇಕು. "ಕ್ಲಚ್ ರಿಲೀಸ್ ಬೇರಿಂಗ್." ಫೋನು ಕುಯ್ ಎಂದಿತು. "ಬ್ರೇಕ್ ಚೇಂಬರ್ ಡಯಾಫ್ರಾಮ್." ಕುಯ್. ಕೆಲವಕ್ಕೆ ಮಾತು ಬಂದಾಗ ಗಡಿಯಾರ ಹೋಗಿಯಾಗಿತ್ತು. ಇಪ್ಪತ್ತರಲ್ಲಿ ಏಳು. ಅವಳ ಬಲಗಾಲು ಮೇಜಿನ ಕಾಲಿಗೆ ತಟ್ಟುತ್ತಲೇ ಇತ್ತು, ನೀರಿನ ಲೋಟ ನಡುಗುತ್ತಿತ್ತು.

"ಆಯ್ತಲ್ಲ" ಎಂದು ಮ್ಯಾನೇಜರ್ ಹಾಳೆ ಮಡಿಸಿ, ಇನ್ನೊಂದು ಕಾಗದವನ್ನು ಅವಳ ಕಡೆ ಸರಿಸಿದರು. ಪೆನ್ನೂ ಇಟ್ಟರು.

ಸ್ಟೋರಕ್ಕ ಪೆನ್ನನ್ನು ತಳ್ಳಿದಳು. ಮೆಲ್ಲಗೆ ತಳ್ಳಬೇಕೆಂದೇ ಇದ್ದಳು, ಆದರೆ ಕೈ ಅವಳ ಮಾತು ಕೇಳಲಿಲ್ಲ. ಪೆನ್ನು ಹಾರಿ ಗೋಡೆಗೆ ಬಡಿಯಿತು.

"ಅದು ಬೇಕೂಂತ ಎಸೆದಿದ್ದಲ್ಲ" ಎಂದಳು. "ಆದ್ರೆ ಎಸೆದಿದ್ದಕ್ಕೆ ಬೇಜಾರೂ ಇಲ್ಲ. ಸಾರ್, ಅರ್ಧ ಪರೀಕ್ಷೆ ಆಯ್ತು. ಇನ್ನರ್ಧ ನನ್ನ ರೀತೀಲಿ ಕೇಳಿ. ಹಳೇದು ಇಡಿ, ಹೊಸದು ತಂದ್ಕೊಡ್ತೀನಿ."

"ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ" ಎಂದರು ಮ್ಯಾನೇಜರ್, ಸಿಬ್ಬಂದಿ ಅಧಿಕಾರಿಯ ಕಡೆ ತಿರುಗಿ.

"ನಾನು ಮೂರು ವರ್ಷದಿಂದ ಕುಣೀತಾನೇ ಇದ್ದೀನಿ ಸಾರ್, ಕೂತಲ್ಲೂ ಕುಣೀತೀನಿ, ನಿಮಗೇ ಕಾಣ್ತಿದೆ" ಎಂದಳು ಸ್ಟೋರಕ್ಕ. "ನೆಲ ನಿಜವಾಗ್ಲೂ ಡೊಂಕೇ."

ಮುದುಕ ಡಾಕ್ಟರು ಕೆಮ್ಮಿದಂತೆ ಮಾಡಿ ನಗು ನುಂಗಿದರು. "ಕೇಳೋದ್ರಲ್ಲಿ ತಪ್ಪೇನಿಲ್ಲ. ಈ ಕಾಯಿಲೇಲಿ ಕೇಳಿದ್ರೆ ಬರದೇ ಇದ್ದದ್ದು ಕಂಡ್ರೆ ಬರತ್ತೆ, ನಾನೂ ಓದಿದ್ದೀನಿ" ಎಂದರು.

"ಹುಡುಗರು ಮೊದಲೇ ಹೇಳ್ಕೊಟ್ಟಿರ್ತಾರೆ" ಎಂದರು ಮ್ಯಾನೇಜರ್.

"ಹಾಗಾದ್ರೆ ಹುಡುಗರು ಬೇಡ. ನೀವೇ ಆರಿಸಿ ತನ್ನಿ. ಗುಜರಿ ಡ್ರಮ್ಮು ಅಂಗಳದಲ್ಲೇ ಇದೆ."

ಹೀಗೆ ಬಿಳೀ ಅಂಗಿಯ ಮ್ಯಾನೇಜರ್ ಕೆಲಸಕ್ಕೆ ಸೇರಿದ ಮೇಲೆ ಮೊದಲ ಸಲ ಗುಜರಿ ಡ್ರಮ್ಮಿಗೆ ಕೈ ಹಾಕಿದರು. ತಟ್ಟೆಯಲ್ಲಿ ಹದಿನೈದು ಸಾಮಾನು ಹೊತ್ತು ಬರುವಷ್ಟರಲ್ಲಿ ಮೊಣಕೈ ತನಕ ಗ್ರೀಸು. ವರ್ಕ್‌ಶಾಪಿನ ಹುಡುಗರು ಬಸ್ಸಿನ ಕೆಳಗಿನಿಂದ ತಲೆ ಹೊರಹಾಕಿ ನೋಡಿದರು.

ಪರೀಕ್ಷೆ ಸ್ಟೋರಿಗೇ ಬಂತು. ಗಡಿಯಾರ ಬೇಡ ಎಂದು ಡಾಕ್ಟರು ಹೇಳಿದರು. ಮ್ಯಾನೇಜರ್ ಕಟ್ಟೆ ಮೇಲೆ ಒಂದೊಂದೇ ಇಟ್ಟರು. ಸ್ಟೋರಕ್ಕ ಎರಡೂ ಮೊಣಕೈ ಕಟ್ಟೆಗೆ ಊರಿ, ಅದನ್ನು ಎರಡೂ ಕೈಯಲ್ಲಿ ಹಿಡಿದು, ತಿರುಗಿಸಿ ನೋಡಿ, ಏಳುತ್ತಿದ್ದಳು. ಕೆಲವಕ್ಕೆ ತಟ್ಟನೆ. ಕೆಲವಕ್ಕೆ ರ್ಯಾಕುಗಳ ನಡುವೆ ನಿಂತು, ಡಬ್ಬಗಳನ್ನು ನೋಡುತ್ತ, ಬಹಳ ಹೊತ್ತು. ಒಮ್ಮೆ ಏನು ತರಲು ಬಂದೆ ಎಂಬುದೇ ಹಾರಿಹೋಯಿತು. ವಾಪಸ್ಸು ಕಟ್ಟೆಗೆ ಬಂದು, ಯಾರ ಮುಖವನ್ನೂ ನೋಡದೆ, ಹಳೆಯದನ್ನು ಇನ್ನೊಮ್ಮೆ ನೋಡಿ ಹೋದಳು. ಇನ್ನೊಮ್ಮೆ ಹೊಸದನ್ನು ಪಕ್ಕಕ್ಕಿಟ್ಟಾಗ ಅರ್ಧ ಬೆರಳು ದೊಡ್ಡದೆಂದು ಕಂಡು ತಾನೇ ಬದಲಿಸಿದಳು. ಇಷ್ಟೆಲ್ಲ ಆದರೂ ಒಂದು ಶುದ್ಧ ತಪ್ಪು ಮಾಡಿದಳು, ಎಡಗಡೆಯದರ ಬದಲು ಬಲಗಡೆಯ ಬ್ರಾಕೆಟ್ಟು ತಂದಳು, ಅದು ಅವಳಿಗೆ ಹೊಳೆಯಲೂ ಇಲ್ಲ.

"ತಪ್ಪು" ಎಂದರು ಮ್ಯಾನೇಜರ್.

ಅವಳು ಎರಡನ್ನೂ ನೋಡಿದಳು. "ತಪ್ಪೇ. ಬರ್ಕೊಳ್ಳಿ. ಎರಡೂ ಪಕ್ಕ ಪಕ್ಕ ಇದ್ದಿದ್ದಕ್ಕೆ ನಿಮಗೂ ಗೊತ್ತಾಯ್ತು. ಮೆಕ್ಯಾನಿಕ್ಕಿಗೂ ಗೊತ್ತಾಗತ್ತೆ. ಬರೀ ಚೀಟೀಲಾದ್ರೆ ಅದು ಬಸ್ಸಿನ ಹತ್ರ ಹೋದ್ಮೇಲೆ ಗೊತ್ತಾಗ್ತಿತ್ತು."

ಸಿಬ್ಬಂದಿ ಅಧಿಕಾರಿ ಅದನ್ನು ಬರೆದುಕೊಂಡರು.

ಹದಿನೈದನೆಯದು ಒಂದು ಕಪ್ಪು ರಬ್ಬರ್ ಸೀಲು, ಅಂಗೈಯಗಲ. ಸ್ಟೋರಕ್ಕ ಅದನ್ನು ತಿರುಗಿಸಿದಳು. ಅಂಚನ್ನು ಸವರಿದಳು, ಮೂಸಿದಳು. ಒಂದು ನಿಮಿಷವಾಯಿತು. ಭುಜ ಏರಿ ಇಳಿಯಿತು. ಎರಡು ನಿಮಿಷ. ಏಳಲಿಲ್ಲ.

"ಇನ್ನೆಷ್ಟು ಹೊತ್ತು?" ಎಂದರು ಮ್ಯಾನೇಜರ್.

"ಸುಮ್ನಿರಿ" ಎಂದರು ಡಾಕ್ಟರು.

ಸ್ಟೋರಕ್ಕ ಸೀಲನ್ನು ಕೆಳಗಿಟ್ಟಳು. "ಇದು ನಮ್ಮದಲ್ಲ" ಎಂದಳು. "ಈ ಸ್ಟೋರಲ್ಲಿ ಇದು ಇಲ್ಲ. ಯಾವತ್ತೂ ಇರಲಿಲ್ಲ. ಮೇಲೆ ನಿಮ್ಮ ಕೈಯ ಗ್ರೀಸು ಬಿಟ್ರೆ ಇದಕ್ಕೆ ಎಣ್ಣೆ ಸೋಕೇ ಇಲ್ಲ, ಬರೀ ನೀರಿನ ಕರೆ. ಯಾರದೋ ಮನೆ ನೀರಿನ ಪಂಪಿನದು."

ಮೂವರಲ್ಲಿ ಇಬ್ಬರು ಮೂರನೆಯವರನ್ನು ನೋಡಿದರು. ಮ್ಯಾನೇಜರಿನ ಕಿವಿ ಕೆಂಪಾಯಿತು. ಪೇಟೆಯಲ್ಲಿ ತೋರಿಸಿ ಹೊಸದು ಕೊಳ್ಳಲೆಂದು ಕಾರಿನಲ್ಲಿಟ್ಟುಕೊಂಡಿದ್ದ ತಮ್ಮ ಮನೆಯ ಪಂಪಿನ ಸೀಲನ್ನು, ದಾರಿಯಲ್ಲಿ ಬುದ್ಧಿ ಓಡಿಸಿ ತಟ್ಟೆಗೆ ಸೇರಿಸಿದ್ದರು.

"ಇಟ್ಕೊಳ್ಳಿ ಸಾರ್" ಎಂದು ಸ್ಟೋರಕ್ಕ ಅದನ್ನು ಅವರ ಕಡೆ ಸರಿಸಿದಳು. "ಅಂಗಡೀಲಿ ನೀವೂ ಹಳೇದು ಇಟ್ಟೇ ಕೇಳ್ಬೇಕಲ್ಲ."

ಸಿಬ್ಬಂದಿ ಅಧಿಕಾರಿ ಅಲ್ಲೇ ಸ್ಟೂಲಿನ ಮೇಲೆ ಕೂತು ಬರೆದರು. ಆ ಕಿಟಕಿಯಲ್ಲಿ ಹಳೇ ಪದ್ಧತಿ ಮತ್ತೆ ಬರಲಿ, ಕಂಪ್ಯೂಟರಿಗೆ ಬೇರೆಯವರು ಕೂರಲಿ, ಆರು ತಿಂಗಳಿಗೆ ಮತ್ತೆ ನೋಡೋಣ. ಮ್ಯಾನೇಜರ್ ತುಟಿ ಬಿಗಿದು ಸಹಿ ಹಾಕಿದರು. ಕಾಗದದ ಮೇಲೆ ಅವರ ಹೆಬ್ಬೆರಳಿನ ಗ್ರೀಸು ಅಂಟಿತು.

ಹೊರಡುವಾಗ ಡಾಕ್ಟರು ನಿಂತರು. "ಆರು ತಿಂಗಳಾದ್ಮೇಲೂ ಹೀಗೇ ಇರ್ತೀರಿ ಅಂತ ನಾನು ಹೇಳಲಾರೆ, ಅಮ್ಮ."

"ನಾನೂ ಹೇಳಿಲ್ಲ ಸಾರ್. ಆವತ್ತು ಆಗದಿದ್ರೆ ಆವತ್ತು ಎದ್ದು ಹೋಗ್ತೀನಿ. ಇವತ್ತೇ ಯಾಕೆ ಹೋಗಲಿ?"

ಮಗಳು ಗೇಟಿನ ಹೊರಗೆ ಬಸ್ ನಿಲ್ದಾಣದ ಕಲ್ಲುಬೆಂಚಿನಲ್ಲಿ ಕೂತಿದ್ದಳು. ಎರಡು ಗಂಟೆಯಿಂದ ಕೂತು ಉಗುರು ಕಚ್ಚಿ ಮುಗಿಸಿದ್ದಳು. ಅಮ್ಮ ತೂರಾಡುತ್ತ ಬರುವುದನ್ನು ಕಂಡು ಎದ್ದಳು. "ಏನಾಯ್ತಮ್ಮ? ಏನೇನಂದ್ರು? ಹೇಳು."

ಸ್ಟೋರಕ್ಕ ಬೆಂಚಿನ ಮೇಲೆ ಕುಸಿದಳು. ಎಲ್ಲ ಶಕ್ತಿ ಅಲ್ಲೇ ಖರ್ಚಾಗಿತ್ತು. ಬಾಯಿ ತೆರೆದಳು. ಕುಯ್ ಎನ್ನುವ ಗಡಿಯಾರ, ಹಾರಿದ ಪೆನ್ನು, ಮ್ಯಾನೇಜರಿನ ಕೆಂಪು ಕಿವಿ, ಎಲ್ಲ ಒಟ್ಟಿಗೆ ಬಂದು ಬಾಗಿಲಲ್ಲಿ ಸಿಕ್ಕಿಕೊಂಡವು. ಒಂದೂ ಹೊರಗೆ ಬರಲಿಲ್ಲ. ಮಗಳ ಕಣ್ಣು ತುಂಬಿತು. ಮುಗಿಯಿತು ಎಂದುಕೊಂಡಳು ಹುಡುಗಿ. "ಬಿಡಮ್ಮ" ಎನ್ನಲು ಹೋಗಿ, ಅಮ್ಮನ ಮುಖ ನೋಡಿ, ನಿಲ್ಲಿಸಿದಳು. ಆ ಮುಖ ಸೋತವರ ಮುಖವಾಗಿರಲಿಲ್ಲ.

ಒಂದು ಬಸ್ಸು ಬಂದು ನಿಂತು ಹೋಯಿತು. ಮಗಳು ಕಾದಳು. ಆಮೇಲೆ ಮೆಲ್ಲಗೆ, "ಇಟ್ಕೊಂಡ್ರಾ, ಕಳಿಸಿದ್ರಾ?" ಎಂದಳು.

"ಇಟ್ಕೊಂಡ್ರು."

"ಪೂರ್ತಿನಾ, ಸ್ವಲ್ಪ ದಿನಕ್ಕಾ?"

"ಆರು ತಿಂಗಳು. ಆಮೇಲೆ ಮತ್ತೆ ಕೂರಿಸ್ತಾರಂತೆ. ಬೀಸೋ ದೊಣ್ಣೆ ತಪ್ಪಿಸಿಕೊಂಡ್ರೆ ಸಾವಿರ ವರ್ಷ ಆಯಸ್ಸು." ಮಾತು ಈಗ ಸಲೀಸಾಗಿ ಬಂತು. "ಪಂಪಿನ ಸೀಲು ಇಟ್ಟು ಮೋಸ ಮಾಡಕ್ಕೆ ನೋಡಿದ್ರು ಕಣೇ. ಮನೆಗೆ ಹೋಗಿ ಹೇಳ್ತೀನಿ."

ಮಗಳು ನಕ್ಕಳು, ನಗುತ್ತಲೇ ಅತ್ತಳು. ಮೂಗು ಒರೆಸಿಕೊಂಡು, ರಸ್ತೆಯ ಕಡೆ ನೋಡುತ್ತ, ಮೂರು ವರ್ಷದಲ್ಲಿ ಒಮ್ಮೆಯೂ ಕೇಳದಿದ್ದನ್ನು ಕೇಳಿದಳು. "ಅಮ್ಮಾ, ನನಗೂ ಬಂದ್ರೆ?"

ಬರಲ್ಲ ಬಿಡು ಎನ್ನುವುದು ಸುಲಭವಿತ್ತು. ಯಾವ ತಾಯಿಯ ಬಾಯಲ್ಲೂ ಅದೇ ಬರುವುದು, ಸ್ಟೋರಕ್ಕನ ಬಾಯಲ್ಲೂ ಬಂತು. ಅವಳು ಅದನ್ನು ನುಂಗಿದಳು.

"ಬಂದ್ರೆ, ನಿನ್ನ ಹೇಗೆ ಕೇಳ್ಬೇಕು ಅಂತ ನೀನೇ ಅವರಿಗೆ ಹೇಳ್ಕೊಡು. ಅವರು ಕೇಳೋ ಥರ ಉತ್ತರ ಬರಲಿಲ್ಲ ಅಂತ ತಲೆ ತಗ್ಗಿಸ್ಬೇಡ."

ಉತ್ತರಕ್ಕೆ ಅಮ್ಮ ಅವಸರ ಮಾಡಲಿಲ್ಲ. ಮುಂದಿನ ಬಸ್ಸು ತಿರುವಿನಲ್ಲಿ ಕಾಣಿಸಿದಾಗ ಮಗಳು ಎದ್ದು ಬ್ಯಾಗು ಹೆಗಲಿಗೇರಿಸಿದಳು.

"ಆರು ತಿಂಗಳಿಗೆ ನಾನೂ ಒಳಗೆ ಬರ್ತೀನಿ" ಎಂದಳು. "ಹೊರಗೆ ಕೂರಲ್ಲ."

"ಬಾ" ಎಂದಳು ಸ್ಟೋರಕ್ಕ. "ಬಂದು, ಅವರ ಮುಂದೆ ಹೇಗೆ ಕೂತ್ಕೋಬೇಕು ಅಂತ ನೋಡ್ಕೊಂಡಿರು."